ತಟ್ಟೆಯ ಬೆನ್ನು

ಲಿಮೋಜ್ ಊರಿನ ಹರಾಜು ಮನೆಯಲ್ಲಿ ನನ್ನ ಕೆಲಸ
ತಟ್ಟೆಗಳನ್ನು ಕವುಚಿ ನೋಡುವುದು.
ಮುಖದ ಗುಲಾಬಿಗೆ ಯಾರೂ ಮರುಳಾದಾರು,
ಹುಟ್ಟನ್ನು ಬರೆದಿರುವುದು ಬೆನ್ನ ಮೇಲೆ:
ಹಸಿರು ಮುದ್ರೆ, ಪಕ್ಕದಲ್ಲೊಂದು ಅಂಕಿ.
ಕೆಲವಕ್ಕೆ ಅದೂ ಇಲ್ಲ.

ಇವತ್ತು ಬಂದದ್ದು ವಕೀಲ ಗೊಂಡ್ರಾನರ ಮನೆಯ ಸೆಟ್ಟು.
ಹನ್ನೆರಡು ಮಂದಿಗೆಂದು ಮಾಡಿಸಿದ್ದು,
ಉಳಿದದ್ದು ಹನ್ನೊಂದು.
ಚಿನ್ನದ ಅಂಚು ಸವೆದಿಲ್ಲ,
ಚಾಕು ಗೀರಿದ ಒಂದು ಗೆರೆಯಿಲ್ಲ.
ನೂರಿಪ್ಪತ್ತು ವರ್ಷ ಗಾಜಿನ ಬೀರುವಿನಲ್ಲಿ ನಿಂತು
ಒಮ್ಮೆಯೂ ಎಂಜಲಾಗದ ತಟ್ಟೆಗಳು.
ಹನ್ನೆರಡನೆಯದು ಏನಾಯಿತು ಎಂದರೆ
ಮೊಮ್ಮಗ ಎಲ್ಜೆಯಾರ್ ಹೆಗಲು ಕುಣಿಸಿ
ಗಡಿಯಾರ ನೋಡಿಕೊಂಡ.

ಬೆಳ್ಳಗಿರುವುದೆಲ್ಲ ಹಾಲಲ್ಲ.
ಇದು ಮೊದಲು ಮಣ್ಣು,
ದಕ್ಷಿಣಕ್ಕೆ ಒಂದು ಹಗಲು ನಡೆದರೆ ಸಿಗುವ ಸ್ಯಾಂತಿರಿಯೆಯದು.
ಚೀನಾದ ಬಟ್ಟಲಿಗೆ ದೊರೆಗಳು ಬಂಗಾರ ಸುರಿಯುತ್ತಿದ್ದ ಕಾಲ,
ಗುಟ್ಟು ಯಾರಿಗೂ ಗೊತ್ತಿಲ್ಲ.
ಇಲ್ಲಿ ವೈದ್ಯನ ಹೆಂಡತಿಯೊಬ್ಬಳು
ಸಾಬೂನಾದೀತೆಂದು
ಆ ಬಿಳಿ ಮಣ್ಣಲ್ಲಿ ಬಟ್ಟೆ ತಿಕ್ಕಿದಳಂತೆ.
ನಿಜವೋ ಸುಳ್ಳೋ, ನಮ್ಮೂರಿಗೆ ಈ ಕತೆ ಇಷ್ಟ.

ಅದರ ಮುಂದಿನದನ್ನು ಅಷ್ಟು ಹೇಳುವುದಿಲ್ಲ:
ತಲೆಗೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ,
ಗುಂಡಿಯಿಂದ ಮಣ್ಣು ಹೊತ್ತು ಹತ್ತಿದ ಹೆಂಗಸರು.
ವಿಯೆನ್ ಹೊಳೆಯಲ್ಲಿ ತೇಲಿಬಂದ ಕಾಡು,
ಕಾಡು ನುಂಗಿಯೂ ಹಸಿವು ತೀರದ ಆವಿಗೆ.
ನನ್ನ ಮುತ್ತಜ್ಜಿ ಝೆಲಿಯಾ ಅಲ್ಲಿ ಕೂತು
ಸುಟ್ಟ ತಟ್ಟೆಗೆ ಅಂಟಿದ ಮರಳು ಕಾಳನ್ನು ಉಜ್ಜಿ ತೆಗೆಯುತ್ತಿದ್ದಳು.
ದಿನಕ್ಕೆ ಇನ್ನೂರು.
ನುಣುಪೆಲ್ಲ ಪೆಟ್ಟಿಗೆಗೆ, ಪ್ಯಾರಿಸ್ಸಿಗೆ, ಹಡಗಿಗೆ;
ಧೂಳೆಲ್ಲ ಅವಳ ಎದೆಗೆ.
ನಲವತ್ತೊಂದಕ್ಕೆ ಹೋದಳು.

ಮನೆಯಲ್ಲಿ ಅವರು ಉಣ್ಣುತ್ತಿದ್ದದ್ದೂ ಪೋರ್ಸೆಲಿನಲ್ಲೇ,
ಬೆಂಕಿಯಲ್ಲಿ ಸೊಟ್ಟಗಾಗಿ ಮಾರಲು ಬಾರದ್ದು.
ಸೂಪು ಯಾವಾಗಲೂ ಒಂದು ಕಡೆಗೆ ವಾಲಿರುತ್ತಿತ್ತು,
ಚಮಚವೂ ಆ ಕಡೆಗೇ ವಾಲುವುದನ್ನು ಕಲಿತಿತ್ತು
ಎನ್ನುತ್ತಿದ್ದಳು ನನ್ನಜ್ಜಿ, ನಗದೆ.

ಏಳನೆಯ ತಟ್ಟೆಯನ್ನು ಕವುಚಿದಾಗ ಕಂಡಿತು
ಪಾದದ ಬಳೆಯೊಳಗೆ
ಹೊಳಪಿನ ಕೆಳಗೆ
ಹೆಬ್ಬೆರಳ ಗುರುತು.
ಮಣ್ಣು ಹಸಿಯಿದ್ದಾಗ ಯಾರೋ ಒತ್ತಿದ್ದು,
ಸುಳಿ ಸುಳಿಯಾಗಿ, ಮರ ಕೊಯ್ದ ದಿಮ್ಮಿಯ ಹಾಗೆ.

ನನ್ನ ಹೆಬ್ಬೆರಳನ್ನಿಟ್ಟು ನೋಡಿದೆ.
ಹೊಂದಲಿಲ್ಲ. ಗುರುತು ಚಿಕ್ಕದು.
ಮಕ್ಕಳನ್ನೂ ಕೆಲಸಕ್ಕಿಡುತ್ತಿದ್ದರಲ್ಲ ಎಂದುಕೊಂಡೆ.
ಆಮೇಲೆ ನೆನಪಾಯಿತು:
ಈ ಮಣ್ಣು ಬೇಯುವಾಗ ಕುಗ್ಗುತ್ತದೆ,
ಏಳರಲ್ಲಿ ಒಂದು ಪಾಲು ಬೆಂಕಿಗೆ.
ತಟ್ಟೆ ಕುಗ್ಗಿದಷ್ಟೇ ಬೆರಳೂ ಕುಗ್ಗಿದೆ.
ದೊಡ್ಡವರದೋ ಮಗುವಿನದೋ
ಈಗ ಯಾರು ಅಳೆದು ಹೇಳುತ್ತಾರೆ?

ಪಟ್ಟಿಯಲ್ಲಿ ಬರೆದೆ:
“ಲಾಟು ಎಂಬತ್ನಾಲ್ಕು. ದೋಷ, ಒಂದು. ಬೆರಳ ಗುರುತು.”
ಬೆಲೆಯಲ್ಲಿ ನಲವತ್ತು ಯೂರೋ ಇಳಿಸಿದೆ.
ನಿಯಮ ಹಾಗಿದೆ.

ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದರು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಕೈ ನಡುಗದಂತೆ ಏಳನೆಯದನ್ನು ಎತ್ತಿ
ಕಿಟಕಿಯ ಬಳಿ ಇಟ್ಟುಕೊಂಡು
ಡಬ್ಬಿಯಿಂದ ಅದಕ್ಕೆ ಬಡಿಸಿದೆ
ನಿನ್ನೆ ಮಾಡಿದ ಚೆರ್ರಿ ಕ್ಲಾಫುತಿ.
ನಮ್ಮ ಕಡೆ ಅದರ ಬೀಜ ತೆಗೆಯುವುದಿಲ್ಲ,
ಪರಿಮಳ ಬೀಜದಲ್ಲಿದೆ ಎನ್ನುತ್ತಾರೆ.
ಒಂದೊಂದಾಗಿ ಉಗುಳಿದೆ.
ಟಣ್. ಟಣ್.
ಎಂಥ ದನಿ ಅದಕ್ಕೆ! ಇಷ್ಟು ವರ್ಷ ಎಲ್ಲಿಟ್ಟುಕೊಂಡಿತ್ತು?

ತೊಳೆದು, ಮತ್ತೆ ಸಾಲಿಗೆ ಸೇರಿಸಿದೆ.
ನಾಲ್ಕು ಗಂಟೆಗೆ ಬೋರ್ದೋದ ಹೆಂಗಸೊಬ್ಬಳು
ತಟ್ಟೆಗಳ ಮುಖ ನೋಡುತ್ತ ನೋಡುತ್ತ ಬಂದು
ಏಳನೆಯದರ ಮುಂದೆ ನಿಂತು
ಬೆರಳಿಂದ ಮುಟ್ಟಿ
“ಇದೇಕೆ ಒದ್ದೆ?” ಎಂದಳು.